ಪಾಚಿಯನ್ನುಣ್ಣುವ ಮೀನುಗಳು

ಹೊಸದಾಗಿ ನೀರು ತುಂಬಿಸಿದ ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನುಗಳು ಆಡುವುದನ್ನು ನೋಡುವುದು ಕಣ್ಣಿಗೆ ಹಬ್ಬ. ಆದರೆ ಆ ಸೊಗಸು ಬಹುಕಾಲ ಉಳಿಯುವುದಿಲ್ಲ. ಕೆಲವು ವಾರಗಳು ಕಳೆಯುವಷ್ಟರಲ್ಲಿ ಗಾಜಿನ ಒಳಮೈಗೆ ಕಂದುಬಣ್ಣದ ತೆಳುವಾದ ಲೇಪವೊಂದು ಹತ್ತುತ್ತದೆ. ಕಲ್ಲುಗಳ ಮೇಲೆ ಹಸಿರು ಕೂರುತ್ತದೆ. ಕೆಲವೊಮ್ಮೆ ಗಿಡಗಳ ಎಲೆಯಂಚಿನಲ್ಲಿ ಕಪ್ಪು ಕೂದಲಿನಂಥ ಎಳೆಗಳು ತಲೆದೋರುತ್ತವೆ. ಇವೆಲ್ಲವನ್ನೂ ನಾವು ಪಾಚಿ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ.

ಪಾಚಿ ಕಂಡೊಡನೆ ಅದನ್ನು ತಿನ್ನುವ ಜೀವಿಯೊಂದನ್ನು ತಂದುಬಿಡುವ ಉಪಾಯ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು 1850ರಲ್ಲಿ ತನ್ನದೊಂದು ಪ್ರಯೋಗವನ್ನು ಪ್ರಕಟಿಸಿದನು. ಗಾಜಿನ ಪಾತ್ರೆಯಲ್ಲಿ ಅವನು ಎರಡು ಚಿನ್ನದ ಮೀನುಗಳನ್ನೂ ನೀರುಗಿಡವನ್ನೂ ಇರಿಸಿದ್ದನು. ಗಿಡದ ಎಲೆಗಳು ಕೊಳೆತು ನೀರು ಕದಡಿತು. ಕೊಳದ ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆಯನ್ನೆಲ್ಲ ತಿಂದು ತೊಟ್ಟಿಯನ್ನು ಶುಚಿಯಾಗಿಟ್ಟವು. ಇಂದು ಬಸವನಹುಳುವಿನ ಸ್ಥಾನವನ್ನು ಬಹುಮಟ್ಟಿಗೆ ಮೀನುಗಳು ಆಕ್ರಮಿಸಿವೆ.

ಮೀನನ್ನು ತರುವ ಮೊದಲು ಪಾಚಿ ಏಕೆ ಬೆಳೆಯಿತೆಂದು ಕೇಳಿಕೊಳ್ಳಬೇಕು. ಅದಕ್ಕೆ ಬೇಕಾದುದು ಬೆಳಕು ಮತ್ತು ಗೊಬ್ಬರ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ತೊಟ್ಟಿಯಲ್ಲಿ ಪಾಚಿ ಬೆಳೆಯದೆ ಇನ್ನೇನು ಬೆಳೆದೀತು? ತಿಂದುಳಿದ ಆಹಾರವೂ ಮೀನಿನ ಮಲವೂ ಕೊಳೆತು ನೈಟ್ರೇಟ್, ಫಾಸ್ಫೇಟ್‌ಗಳಾಗುತ್ತವೆ. ಹೊಲಕ್ಕೆ ಹಾಕುವ ಗೊಬ್ಬರದಲ್ಲಿರುವುದೂ ಇವುಗಳ ಬಳಗವೇ. ಪಾಚಿ ತಿನ್ನುವ ಮೀನೂ ಮಲವನ್ನು ಬಿಡುತ್ತದಷ್ಟೆ. ಆದುದರಿಂದ ದೀಪವನ್ನು ದಿನಕ್ಕೆ ಆರೆಂಟು ಗಂಟೆಗೆ ಮಿತಗೊಳಿಸಿ, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸಿ, ಆಮೇಲೂ ಉಳಿಯುವ ಪಾಚಿಗೆ ಮಾತ್ರ ಮೀನನ್ನು ಹುಡುಕುವುದು ಸರಿಯಾದ ಕ್ರಮ. ನೀರಿಗೆ ನೀರೇ ಹಸಿರಾಗಿದ್ದರೆ ಇಂಥ ಮೀನುಗಳಿಂದ ಪ್ರಯೋಜನವಿಲ್ಲ. ಅದು ನೀರಿನಲ್ಲಿ ತೇಲುವ ಏಕಕೋಶದ ಪಾಚಿ. ಗಾಜನ್ನು ಕೆರೆಯುವ ಬಾಯಿಗೆ ಸಿಕ್ಕದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ಎರಡು ಅಡಿ ಉದ್ದದ ತೊಟ್ಟಿಯೊಂದಿತ್ತು. ವಿಜ್ಞಾನದ ಉಪಾಧ್ಯಾಯರಿಗೆ ವರ್ಗವಾದಾಗ ಅದರ ಯೋಗಕ್ಷೇಮ ಕನ್ನಡದ ಮೇಷ್ಟರಾದ ನನ್ನ ಪಾಲಿಗೆ ಬಂದಿತು. ಪಾಚಿ ಹೆಚ್ಚಿತೆಂದು ಅಂಗಡಿಯಿಂದ ಬೆರಳುದ್ದದ ಕಪ್ಪು ಮೀನೊಂದನ್ನು ತಂದೆ. ಅಂಗಡಿಯವರು ಅದನ್ನು ಸಕ್ಕರ್ ಮೀನು ಎನ್ನುತ್ತಾರೆ. ಅದರ ಮೂಲ ದಕ್ಷಿಣ ಅಮೆರಿಕದ ನದಿಗಳು. ಮೈಮೇಲೆ ಎಲುಬಿನ ಫಲಕಗಳ ಕವಚ, ತಲೆಯ ಅಡಿಯಲ್ಲಿ ಬಟ್ಟಲಿನಂಥ ಬಾಯಿ. ಒಂದು ತಿಂಗಳಲ್ಲಿ ಗಾಜು ಥಳಥಳಿಸಿತು; ನಾನು ಬೀಗಿದೆ. ಎರಡನೆಯ ವರ್ಷ ಆ ಮೀನು ಒಂದು ಅಡಿ ಮೀರಿ ಬೆಳೆದು, ತಿರುಗಲು ಎಡೆಯಿಲ್ಲದೆ, ಗಿಡಗಳನ್ನು ಕಿತ್ತು ಹಾಕಿ, ತೊಟ್ಟಿಯ ತಳವನ್ನೆಲ್ಲ ಹೊಲಸು ಮಾಡಿತು. ಅದು ಒಂದೂವರೆ ಅಡಿಯವರೆಗೂ ಬೆಳೆಯುವ ಜಾತಿಯೆಂದು ನನಗೆ ತಿಳಿದಿರಲಿಲ್ಲ. “ಪಾಪ ಸಾರ್, ಕೆರೆಗೆ ಬಿಟ್ಟುಬಿಡೋಣ” ಎಂದರು ಮಕ್ಕಳು. ಹಾಗೆಯೇ ಮಾಡಿದೆವು. ಪುಣ್ಯದ ಕೆಲಸವೆಂದೇ ನಾನು ಭಾವಿಸಿದ್ದೆ.

ಅದು ಪುಣ್ಯವಾಗಿರಲಿಲ್ಲ. ಈ ಮೀನು ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಬಿಲಗಳು ಹೆಚ್ಚಿದಂತೆ ದಡ ಕುಸಿಯುತ್ತದೆ. ನೀರಿನಲ್ಲಿ ಆಮ್ಲಜನಕ ಕಡಮೆಯಾದರೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಜಠರದ ಮೂಲಕವೇ ಉಸಿರಾಡುತ್ತದೆ. ಆದುದರಿಂದ ಊರಿನ ಕೊಳಚೆ ಸೇರಿದ ನೀರಿನಲ್ಲಿಯೂ ಅದು ಬದುಕಬಲ್ಲದು. ಕೇರಳ, ತಮಿಳುನಾಡು, ಆಂಧ್ರಪ್ರದೇಶ, ಪಶ್ಚಿಮ ಬಂಗಾಳಗಳ ಜಲಾಶಯಗಳಲ್ಲಿ ಇದು ನೆಲೆಯೂರಿದೆ. ಮಾರುವ ಮೀನಿಗಾಗಿ ಬೀಸಿದ ಬಲೆಗೆ ಯಾರೂ ಕೊಳ್ಳದ ಈ ಮೀನು ಸಿಕ್ಕಿ, ತನ್ನ ಮುಳ್ಳುಗಳಿಂದ ಬಲೆಯನ್ನೂ ಹರಿಯುತ್ತದೆ. ಒಂಟಿ ಮೀನು ಸಂತಾನ ಬೆಳೆಸಲಾರದೆಂಬುದು ನಿಜ. ಆದರೆ ಆ ಕೆರೆಯ ದಡಕ್ಕೆ ನನ್ನಂತೆಯೇ ಇನ್ನೊಬ್ಬರು ಬಂದಿರಲಿಲ್ಲವೆಂದು ಹೇಳುವವರಾರು?

ಹೆಸರನ್ನು ನಂಬಿಯೂ ಕೆಡಬಾರದು. ‘ಚೀನೀ ಪಾಚಿಭಕ್ಷಕ’ವೆಂದು ಮಾರುವ ಹೊಂಬಣ್ಣದ ಮೀನು ಮುಖ್ಯವಾಗಿ ಥೈಲೆಂಡ್, ಕಾಂಬೋಡಿಯಾಗಳ ಕಡೆಯ ನದಿಗಳದು. ಅದರ ಕಿವಿರಿನ ರಚನೆ ಸೋಜಿಗವಾದುದು. ಬಾಯಿಯಿಂದ ಕಲ್ಲನ್ನು ಕಚ್ಚಿಕೊಂಡಿರುವಾಗ ನೀರನ್ನು ಒಳಗೆಳೆಯಲೆಂದೇ ಕಿವಿರಿನ ಬಳಿ ಬೇರೊಂದು ರಂಧ್ರವಿದೆ. ಆದರೆ ಎಳೆಯದಾಗಿದ್ದಾಗ ಪಾಚಿ ತಿನ್ನುವ ಈ ಮೀನು ಬೆಳೆದಂತೆ ಅದನ್ನು ಮರೆತು, ಗೇಣುದ್ದವಾಗಿ, ಉಳಿದ ಮೀನುಗಳ ಮೈಗೆ ಅಂಟಿಕೊಂಡು ಲೋಳೆಯನ್ನು ಹೀರತೊಡಗುತ್ತದೆ.

ಹಾಗಾದರೆ ತರಬೇಕಾದುದು ಯಾವುದು? ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿ ಸುಮಾರು 55 ಲೀಟರು ನೀರು ಹಿಡಿಯುತ್ತದೆ. ಅದಕ್ಕೆ ಒಪ್ಪುವುದು ಆಟೋಸಿಂಕ್ಲಸ್ ಎಂಬ ಪುಟ್ಟ ಮೀನು. ಪೂರ್ತಿ ಬೆಳೆದರೂ ನಾಲ್ಕೈದು ಸೆಂಟಿಮೀಟರಿಗಿಂತ ದೊಡ್ಡದಾಗದು, ಸಾಧು. ಕಂದುಪಾಚಿಯೆಂದರೆ ಅದಕ್ಕೆ ಪ್ರೀತಿ. ಒಂದೇ ಮೀನನ್ನು ತರದೆ ಐದಾರನ್ನು ಒಟ್ಟಿಗೆ ತರಬೇಕು. ಹೊಸ ತೊಟ್ಟಿಗೆ ಮಾತ್ರ ಬಿಡಕೂಡದು. ಪಾಚಿ ಇನ್ನೂ ಹುಟ್ಟಿರದ ನೀರಿನಲ್ಲಿ ಅದು ಹಸಿದು ಸಾಯುತ್ತದೆ. ಬಿರುಗೂದಲಿನ ಮೂತಿಯ ಆನ್ಸಿಸ್ಟ್ರಸ್ ಸಕ್ಕರ್ ಮೀನಿನ ನಂಟನೇ ಆದರೂ ಐದಾರು ಅಂಗುಲಕ್ಕೆ ನಿಲ್ಲುತ್ತದೆ. ನೀರಿನಲ್ಲಿ ಮುಳುಗಿಸಿದ ಮರದ ತುಂಡೊಂದನ್ನು ಇಟ್ಟರೆ ಅದನ್ನು ಕೆರೆಯುತ್ತ ಸುಖವಾಗಿರುತ್ತದೆ. ಕಪ್ಪು ಕೂದಲಿನಂಥ ಪಾಚಿಯನ್ನು ತಿನ್ನಲು ಸಯಾಮಿನ ಪಾಚಿಭಕ್ಷಕವೇ ಬೇಕು. ಆದರೆ ಅದು ಚುರುಕು ಈಜುಗಾರ. ಮೂರು ನಾಲ್ಕು ಅಡಿಯ ತೊಟ್ಟಿಯುಳ್ಳವರು ಮಾತ್ರ ಸಾಕಬಹುದು. ಕೊಳ್ಳುವಾಗ ಪಕ್ಕೆಯ ಕಪ್ಪುಪಟ್ಟಿ ಬಾಲದ ರೆಕ್ಕೆಯ ತುದಿಯವರೆಗೂ ಹರಿದಿದೆಯೇ ಎಂದು ನೋಡಬೇಕು.

ನಮ್ಮ ಸಹ್ಯಾದ್ರಿಯ ಹಳ್ಳಗಳಲ್ಲಿಯೂ ಗಾರಾ ಕುಲದ ಮೀನುಗಳು ತುಟಿಯ ಹಿಂದಿನ ಬಿಲ್ಲೆಯಿಂದ ಬಂಡೆಗೆ ಅಂಟಿಕೊಂಡು ಪಾಚಿಯನ್ನು ಕೆರೆಯುತ್ತವೆ. ರಭಸದ ತಿಳಿನೀರಿಗೆ ಒಗ್ಗಿದ ಅವನ್ನು ನಿಂತ ನೀರಿಗೆ ತರುವುದಕ್ಕಿಂತ ಹಳ್ಳದ ದಡದಲ್ಲಿ ಕುಳಿತು ನೋಡುವುದೇ ಲೇಸು.

ಇನ್ನೊಂದು ಮಾತು. ಗಾಜು ಶುಚಿಯಾಯಿತೆಂದರೆ ಮೀನಿನ ಅನ್ನ ತೀರಿತೆಂದು ಅರ್ಥ. ಆಗ ರಾತ್ರಿ ದೀಪವಾರಿಸಿದ ಮೇಲೆ ಸೌತೆಕಾಯಿಯ ಹೋಳನ್ನೋ ಬೇಯಿಸಿದ ಪಾಲಕ್ ಎಲೆಯನ್ನೋ ತೊಟ್ಟಿಯ ತಳಕ್ಕೆ ಇಳಿಬಿಡಬೇಕು. ಬೆಳಗ್ಗೆ ಎದ್ದೊಡನೆ ಉಳಿದ ಚೂರನ್ನು ತೆಗೆದುಹಾಕಬೇಕು. ಅಲ್ಲಿಯೇ ಬಿಟ್ಟರೆ ಅದೂ ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ.