ಪಿಕಪ್‌ಗೆ ಹೆಚ್ಚಿನ ಬಲ ಅಗತ್ಯವೇ?

ಬೆಳಗಾವಿಯ ತರಕಾರಿ ಚೋರ್ಲಾ ಘಾಟಿಯ ಮೂಲಕ ಗೋವೆಯ ಪೇಟೆಗಳಿಗೆ ಇಳಿಯುತ್ತದೆ. ಈ ಸಾಗಾಟದಲ್ಲಿ ಪಿಕಪ್‌ಗಳಿಗೂ ಪಾಲಿದೆ. ಸಾಲ ಮಾಡಿ ಕೊಂಡ ಒಂದೇ ಗಾಡಿಯನ್ನು ನಂಬಿದ ಮನೆಯವರಿಗೆ, ಎಂಜಿನಿನ ಬಲ ಹೆಚ್ಚಿಸಿದರೆ ಆದಾಯವೂ ಹೆಚ್ಚೀತೆಂಬ ಆಸೆ ಮೂಡುವುದು ಸಹಜ. ಆದರೆ ಮೊದಲು ಲೆಕ್ಕ ಹಾಕಿ ನೋಡಬೇಕು.

ಇಲ್ಲಿ ಹೇರು ಇರುವುದು ಘಾಟಿ ಇಳಿಯುವಾಗ; ತರಕಾರಿ ಇಳಿಸಿದ ಗಾಡಿ ಹಗುರಾಗಿ ಮೇಲೇರುತ್ತದೆ. ಏರಲು ಬೇಕಾದುದು ಎಂಜಿನಿನ ಬಲ, ಇಳಿಯಲು ಬೇಕಾದುದು ಬ್ರೇಕು. ಎಂಜಿನಿನ ಕಂಪ್ಯೂಟರನ್ನು ತಿದ್ದಿಸಿದರೆ ಡೀಸೆಲ್ ಹೆಚ್ಚು ಉರಿದು ಎಳೆತ ಹೆಚ್ಚುವುದು ನಿಜ. ಆದರೆ ಕ್ಲಚ್ಚು, ಗೇರ್‌ಬಾಕ್ಸು, ಟರ್ಬೊಗಳು ಹಳೆಯವೇ. ಅವು ಬೇಗನೆ ಸವೆಯುತ್ತವೆ. ಕಂಪೆನಿಯ ವಾರಂಟಿಯೂ ಕೈತಪ್ಪಬಹುದು. ಸ್ಪ್ರಿಂಗಿಗೆ ಪ್ಲೇಟು ಸೇರಿಸಿದರೆ ಗಾಡಿ ಕುಸಿಯದು. ಬ್ರೇಕಿನ ಶಕ್ತಿಯಾಗಲಿ, ಆರ್.ಸಿ.ಯಲ್ಲಿನ ತೂಕದ ಮಿತಿಯಾಗಲಿ ಏರದು.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿಯಂತೆ, ಆರ್.ಸಿ.ಯ ವಿವರಗಳು ಕಂಪೆನಿಯ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ಕೈಯಲ್ಲಿ ಹಣವಿದ್ದರೆ ತಕ್ಕ ಭಾರ ಹೊರುವ ಟಯರು, ಹೊಸ ಬ್ರೇಕ್ ಲೈನಿಂಗು, ಏರ್ ಫಿಲ್ಟರುಗಳಿಗೆ ವ್ಯಯಿಸುವುದು ಲೇಸು. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿಯೇ ಇಳಿಯಬೇಕು. ಇದಕ್ಕೆ ಕಾಸೂ ಬೇಡ. ಸಾಲದ ಕಂತು ತೀರುವ ತನಕ ಗಾಡಿ ಗಟ್ಟಿಯಾಗಿರುವುದೇ ನಿಜವಾದ ಲಾಭ.