ಮುಚ್ಚಳದೊಳಗಿನ ಮುಚ್ಚಳ

ಇಂಕ್ ಪೆನ್ನಿನ ಮುಚ್ಚಳಕ್ಕೆ ಎರಡು ಕೆಲಸ. ಪೆನ್ನು ಜೇಬಿನಲ್ಲಿ ಕಳಚಿಕೊಳ್ಳದಂತೆ ಹಿಡಿದಿರಬೇಕು. ನಿಬ್ಬಿನ ಶಾಯಿ ಒಣಗದಂತೆ ಗಾಳಿಯನ್ನೂ ತಡೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಪೆನ್ನುಗಳಲ್ಲಿ ಎರಡಕ್ಕೂ ಒಂದೇ ಉಪಾಯ: ಗಟ್ಟಿ ರಬ್ಬರಿನ ಮುಚ್ಚಳವನ್ನು ಒತ್ತಿ ಸಿಕ್ಕಿಸುವುದು. ಮೆಲ್ಲಗೆ ಒತ್ತಿದರೆ ಕಳಚಿ ಅಂಗಿಗೆಲ್ಲ ಶಾಯಿ, ಜೋರಾಗಿ ಒತ್ತಿದರೆ ಮುಚ್ಚಳದ ಅಂಚೇ ಸೀಳು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತಿರುಪಿನ ಮುಚ್ಚಳ ಬಳಕೆಗೆ ಬಂತು. ಅದರೊಳಗೆ ಇನ್ನೊಂದು ಪುಟ್ಟ ಮುಚ್ಚಳವನ್ನು ಕೂರಿಸಿದರು. ತಿರುಗಿಸಿ ಬಿಗಿ ಮಾಡಿದಾಗ ಅದರ ಅಂಚು ನಿಬ್ಬಿನ ಹಿಂದಿನ, ನಾವು ಬೆರಳಿಡುವ ಭಾಗಕ್ಕೆ ಒತ್ತಿ ಕೂತು ನಿಬ್ಬಿಗೇ ಬೇರೆ ಕೋಣೆಯಾಗುತ್ತದೆ. ಹಿಡಿತ ತಿರುಪಿನದು, ಗಾಳಿಯ ತಡೆ ಒಳಮುಚ್ಚಳದ್ದು. ಇಡೀ ಕಥೆಯಲ್ಲಿ ನನಗೆ ದೊಡ್ಡದೆನಿಸುವುದು ಈ ವಿಂಗಡಣೆಯೇ. ಗಾಳಿ ತಡೆಯುವ ಹೊಣೆ ಇಳಿದ ಮೇಲೆ ಹಿಡಿತವನ್ನು ಹೇಗೆ ಬೇಕಾದರೂ ಬದಲಿಸಬಹುದಿತ್ತು.

ಬದಲಿಸಿದವರಲ್ಲಿ ಮುಖ್ಯವಾದದ್ದು ಅಮೆರಿಕದ ಪಾರ್ಕರ್ ಕಂಪನಿ. 1888ರಲ್ಲಿ ಶುರುವಾದ ಕಂಪನಿಗೆ 51 ವರ್ಷ ತುಂಬಿದ ನೆನಪಿಗೆ ಹೆಸರಿಟ್ಟ ‘ಪಾರ್ಕರ್ 51’ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1941ರಲ್ಲಿ. ಬೇಗ ಒಣಗುವ ಶಾಯಿಗೆಂದೇ ನಿಬ್ಬನ್ನು ಬಹುಪಾಲು ಮರೆಮಾಡಿ ಮಾಡಿದ ಪೆನ್ನದು. ಅದರ ಮೈಯಲ್ಲಿ ತಿರುಪಿಲ್ಲ, ತೆಳುವಾದೊಂದು ಲೋಹದ ಬಳೆಯಿದೆ. ಮುಚ್ಚಳದೊಳಗೆ ಉದ್ದುದ್ದ ಸೀಳಿದ ಲೋಹದ ಕೊಳವೆ. ಸೀಳುಗಳ ನಡುವಿನ ಪಟ್ಟಿಗಳು ಸ್ಪ್ರಿಂಗಿನಂತೆ ಬಾಗುತ್ತವೆ. ಮುಚ್ಚಳ ಒತ್ತಿದಾಗ ಬಳೆ ಅವನ್ನು ಹೊರಕ್ಕೆ ತಳ್ಳುತ್ತದೆ, ಅವು ಬಳೆಯನ್ನು ಸುತ್ತಲಿಂದ ಅಮುಕಿ ಹಿಡಿಯುತ್ತವೆ. ಸದ್ದಿಲ್ಲದ, ಮೆತ್ತಗಿನ ಹಿಡಿತ. ಶಾಂಘೈಯ ಹೀರೊ 616 ಇದೇ ಮಾದರಿಯದು. ನಮ್ಮಲ್ಲಿ ಹೀರೊ ಪೆನ್ನಿನಲ್ಲಿ ಪರೀಕ್ಷೆ ಬರೆದವರ ಬೆರಳಿಗೆ ಆ ಹಿಡಿತ ಗೊತ್ತು.

‘ಟಕ್’ ಎಂಬ ಸದ್ದು ಬೇಕಾದರೆ ಬಳೆಯ ಬದಲು ಉಬ್ಬು ಬೇಕು. ಜರ್ಮನಿಯ ಹೈಡೆಲ್‌ಬರ್ಗ್‌ನ ಲಾಮಿ ಕಂಪನಿಗಾಗಿ ಗೆರ್ಡ್ ಆಲ್‌ಫ್ರೆಡ್ ಮ್ಯುಲರ್ ವಿನ್ಯಾಸ ಮಾಡಿದ, 1966ರ ‘ಲಾಮಿ 2000’ದಲ್ಲಿ ಎರಡು ಪುಟಾಣಿ ಲೋಹದ ಕಿವಿಗಳಿವೆ. ಮುಚ್ಚಳದೊಳಗಿನ ಸ್ಪ್ರಿಂಗು ಅವುಗಳ ಮೇಲೆ ಹತ್ತಿ, ದಾಟಿ ಕೂರುತ್ತದೆ. ಬರೆಯುವಾಗ ಅವು ಬೆರಳಿಗೆ ತಾಗುತ್ತವೆಂದು ಕೆಲವರು ದೂರುವುದುಂಟು. ನನಗೆ ಆ ಪೆನ್ನಿನ ಅಂದವೇ ಆ ಎರಡು ಕಿವಿಗಳಲ್ಲಿದೆ.

ಆದರೆ ಆ ಸದ್ದು ಹಿಡಿತದ್ದು ಮಾತ್ರ. ಒಳಮುಚ್ಚಳ ಬಿರುಕುಬಿಟ್ಟಿದ್ದರೆ ಪೆನ್ನು ಟಕ್ಕನೆ ಮುಚ್ಚಿಕೊಂಡೂ ಬೆಳಗಾಗುವಷ್ಟರಲ್ಲಿ ನಿಬ್ಬು ಒಣಗಿರಬಹುದು. ಒಳಮುಚ್ಚಳ ತೀರಾ ಬಿಗಿಯಾಗಿದ್ದರೆ ಇನ್ನೊಂದು ತೊಂದರೆ: ಮುಚ್ಚಳವನ್ನು ಸರಕ್ಕನೆ ಎಳೆದಾಗ ಒಳಗಿನ ಗಾಳಿ ತೆಳುವಾಗಿ ನಿಬ್ಬಿನಿಂದ ಶಾಯಿಯನ್ನು ಹೀರುತ್ತದೆ. ಅಂಥ ಪೆನ್ನನ್ನು ನಿಬ್ಬು ಮೇಲೆ ಮಾಡಿ, ನಿಧಾನವಾಗಿ ತೆರೆಯಬೇಕು.