ವೇಗದ ಮಾದರಿ ದೋಣಿ: ದೋಷವನ್ನು ಅರಿಯುವ ಬಗೆ

1898ರಲ್ಲಿ ನಿಕೋಲ ಟೆಸ್ಲಾ ಅವರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಂತಿಯ ಸಂಪರ್ಕವಿಲ್ಲದೆ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದರು. ಅಂದು ದೋಣಿಯು ರೇಡಿಯೋ ಸಂಕೇತಕ್ಕೆ ಮಣಿದು ತಿರುಗಿದುದೇ ದೊಡ್ಡ ಅಚ್ಚರಿಯಾಗಿತ್ತು. ಇಂದು ಹವ್ಯಾಸಿಗಳು ನಡೆಸುವ, ಒಂದು ಮೀಟರಿಗಿಂತ ಕಿರಿದಾದ ವಿದ್ಯುತ್ ದೋಣಿಗಳು ಗಂಟೆಗೆ 60 ಕಿ.ಮೀ. ವೇಗವನ್ನು ಮುಟ್ಟಬಲ್ಲವು. ಅಂತಹ ವೇಗದಲ್ಲಿ ದೋಣಿಯು ಕುಪ್ಪಳಿಸಿದರೆ ಅಥವಾ ಮಗುಚಿದರೆ ಮೋಟಾರನ್ನು ದೂಷಿಸುವುದು ವಾಡಿಕೆ. ಆದರೆ ದೋಷವು ಬಹುಮಟ್ಟಿಗೆ ಅಡಗಿರುವುದು ಸಮತೋಲದಲ್ಲಿ.

ಇದಕ್ಕೆ ಕಾರಣ ಸರಳವಾದುದು. ನಿಧಾನವಾಗಿ ಚಲಿಸುವಾಗ ದೋಣಿಯು ನೀರಿನಲ್ಲಿ ತೇಲುತ್ತದೆ. ವೇಗ ಹೆಚ್ಚಿದಾಗ ನೀರಿನ ಮೇಲೇರಿ ಜಾರುತ್ತದೆ. ಆಗ ತಳಭಾಗದ ಸ್ವಲ್ಪ ಅಂಶ ಮಾತ್ರ ನೀರನ್ನು ಮುಟ್ಟಿರುತ್ತದೆ. ವೇಗವು ಎರಡು ಪಟ್ಟಾದರೆ ನೀರಿನ ಒತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಮೆಲ್ಲನೆ ಚಲಿಸುವಾಗ ಕಣ್ಣಿಗೆ ಬೀಳದ ಅಲ್ಪ ಓರೆಯೂ ವೇಗದಲ್ಲಿ ಪ್ರಮಾದವಾಗಿ ಪರಿಣಮಿಸುತ್ತದೆ.

ಮೊದಲು ಪರೀಕ್ಷಿಸಬೇಕಾದುದು ಗುರುತ್ವ ಕೇಂದ್ರವನ್ನು. ವಿ-ಆಕಾರದ ತಳವುಳ್ಳ ದೋಣಿಯಲ್ಲಿ ಇದು ಹಿಂದಿನ ಅಂಚಿನಿಂದ ಒಟ್ಟು ಉದ್ದದ ಸುಮಾರು ಶೇಕಡ 30ರಷ್ಟು ದೂರದಲ್ಲಿದ್ದರೆ ಒಳ್ಳೆಯ ಆರಂಭ, 70 ಸೆ.ಮೀ. ಉದ್ದದ ದೋಣಿಗೆ ಇದು 21 ಸೆ.ಮೀ. ಆಗುತ್ತದೆ. ಬ್ಯಾಟರಿಯನ್ನು ಜೋಡಿಸಿ, ಎರಡು ಬೆರಳುಗಳ ಮೇಲೆ ದೋಣಿಯನ್ನು ತೂಗಿ ಇದನ್ನು ಕಂಡುಕೊಳ್ಳಬಹುದು. ಭಾರವು ಹಿಂದೆ ಹೆಚ್ಚಾದರೆ ಮೂತಿಯು ಲಯಬದ್ಧವಾಗಿ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಅದರಡಿ ಗಾಳಿ ನುಗ್ಗಿದರೆ ದೋಣಿಯೇ ಹಿಂದಕ್ಕೆ ಮಗುಚಬಹುದು. ಆಗ ಬ್ಯಾಟರಿಯನ್ನು ಸ್ವಲ್ಪ ಮುಂದಕ್ಕೆ ಸರಿಸಬೇಕು. ಭಾರವು ಮುಂದೆ ಹೆಚ್ಚಾದರೆ ಮೂತಿಯು ನೀರನ್ನು ಉಳುತ್ತ ವೇಗವನ್ನು ಕುಂದಿಸುತ್ತದೆ; ತಿರುವಿನಲ್ಲಿ ಮೂತಿ ನೆಟ್ಟು ಹಿಂಭಾಗವು ಸುತ್ತಿಬರುತ್ತದೆ.

ಎರಡನೆಯದು ಪ್ರೊಪೆಲರ್ ದಂಡದ ಕೋನ. ದಂಡದ ಹಿಂತುದಿಯು ಮೇಲಕ್ಕೆ ಓರೆಯಾಗಿದ್ದರೆ ಅದರ ನೂಕುಬಲವು ಮೂತಿಯನ್ನು ಎತ್ತುತ್ತದೆ. ಕೆಳಕ್ಕೆ ಓರೆಯಾಗಿದ್ದರೆ ಮೂತಿಯನ್ನು ತಗ್ಗಿಸುತ್ತದೆ. ದೋಣಿಯ ತಳಕ್ಕೆ ಸಮಾನಾಂತರವಾಗಿರಿಸಿ ಆರಂಭಿಸುವುದು ಉಚಿತ.

ಮೂರನೆಯದು ಪಕ್ಕಕ್ಕೆ ವಾಲುವುದು. ಹಿಂದಿನಿಂದ ನೋಡಿದಾಗ ಪ್ರೊಪೆಲರು ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದರೆ, ಪ್ರತಿಕ್ರಿಯೆಯಾಗಿ ದೋಣಿಯ ಎಡಭಾಗವು ತಗ್ಗುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಬ್ಯಾಟರಿಯನ್ನು ತುಸು ಬಲಕ್ಕೆ ಸರಿಸಿದರೆ, ಇಲ್ಲವೆ ಹಿಂಬದಿಯ ಎಡ ಫಲಕವನ್ನು ಕೂದಲೆಳೆಯಷ್ಟು ಕೆಳಗೆ ಬಾಗಿಸಿದರೆ ಇದು ಸರಿಹೋಗುತ್ತದೆ.

ಮೋಟಾರಿನ ಸದ್ದು ಏರಿದರೂ ದೋಣಿಯು ಮುಂದೆ ಸಾಗದಿದ್ದರೆ ದಂಡದ ಬಿಗಿತವನ್ನೂ ಪ್ರೊಪೆಲರಿನ ಅಲಗುಗಳನ್ನೂ ನೋಡಬೇಕು. ತಿರುವಿನಲ್ಲಿ ಹಿಡಿತ ತಪ್ಪಿದರೆ ಚುಕ್ಕಾಣಿಯು ನೆಟ್ಟಗಿದೆಯೇ, ಅಲುಗಾಡುವುದೇ, ಅದರ ಮುಂದಿನ ಅಂಚು ಮೊಂಡಾಗಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು.

ಇವೆಲ್ಲಕ್ಕೂ ಮಿಗಿಲಾದ ನಿಯಮವೊಂದಿದೆ: ಒಂದು ಬಾರಿಗೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿದವನ ದೋಣಿ ಸರಿಯಾದರೂ ಅವನ ಅರಿವು ಬೆಳೆಯದು. ಬ್ಯಾಟರಿಯನ್ನು 5 ಮಿ.ಮೀ. ಸರಿಸಿ, ದೋಣಿಯನ್ನು ಓಡಿಸಿ, ಕಂಡುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ಬಳಿಕವೇ ಮುಂದಿನ ಹೆಜ್ಜೆ ಇಡಬೇಕು. ಪ್ರಯೋಗಶಾಲೆಯಲ್ಲಿ ನಾವು ಬೋಧಿಸುವ ಶಿಸ್ತು ಇದೇ ಅಲ್ಲವೆ?

ಕೊನೆಯದಾಗಿ ಒಂದು ಎಚ್ಚರಿಕೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ದಡದಲ್ಲಿ ನಿಂತ ಬಾಲಕನಿಗೆ ಹಿಂದೆ ಸರಿಯಲೂ ವೇಳೆ ದೊರೆಯದು. ಈಜುವವರಿರುವಲ್ಲಿ ದೋಣಿಯನ್ನು ಓಡಿಸಬಾರದು. ಸಂಕೇತ ತಪ್ಪಿದೊಡನೆ ಮೋಟಾರು ನಿಲ್ಲುವಂತೆ ಮೊದಲೇ ಹೊಂದಿಸಿಡಬೇಕು. ನಡುನೀರಿನಲ್ಲಿ ನಿಂತ ದೋಣಿಯನ್ನು ತರಲು ವಿದ್ಯಾರ್ಥಿಗಳು ಕೆರೆಗಿಳಿಯದಂತೆ ಉಪಾಧ್ಯಾಯರು ಕಟ್ಟುನಿಟ್ಟಾಗಿ ತಡೆಯಬೇಕು. ಗಾಳಿಯು ಅದನ್ನು ದಡಕ್ಕೆ ತರುವವರೆಗೆ ಕಾಯಬಹುದು, ಇಲ್ಲವೆ ಮೀನುಗಾರರ ತೆಪ್ಪದ ನೆರವು ಪಡೆಯಬಹುದು. ಮುಳುಗಿದ ದೋಣಿಯನ್ನು ಮತ್ತೆ ಕಟ್ಟಬಹುದು. ಹೋದ ಜೀವವನ್ನು ಮರಳಿ ತರಲಾಗದು.